ಆಟವಾಡದ ಬೆಕ್ಕು

ಪರದೆಯ ಅಂಚು ಅರ್ಧ ಹೊಲಿದಾಗಿತ್ತು. ಅವಳು ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದು, ಬಗ್ಗಿ, ಕಪಾಟಿನ ಸಂದಿಯತ್ತ ನೋಡಿದಳು. ಬೂದಿ ಎಂಬ ಅವಳ ಬೆಕ್ಕು ಅಲ್ಲೇ ಕುಳಿತಿತ್ತು. ಪ್ರಾಣಿಗಳ ಆಶ್ರಯ ಕೇಂದ್ರದಿಂದ ಮನೆಗೆ ಬಂದಾಗಿನಿಂದಲೂ ಅದಕ್ಕೆ ಅದೇ ಜಾಗ.

ಅವಳು ಬಟ್ಟೆಯ ಪಟ್ಟಿಯೊಂದನ್ನು ಅದರ ಮೂಗಿನ ಮುಂದೆ ಆಡಿಸಿದಳು. ಬೆಕ್ಕು ಕದಲದೆ ಸುಮ್ಮನೆ ನೋಡಿತು. ಎಂದಿನಂತೆ ಅವಳು ಪಟ್ಟಿಯನ್ನು ಸುತ್ತಿ ಎತ್ತಿಟ್ಟಳು.

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರೆ," ಕಿಟಕಿಯ ಬಳಿ ಕುಳಿತಿದ್ದ ಚಿಕ್ಕಮ್ಮ ಹೇಳಿದಳು. "ಈ ಮನೇಲಿ ಚೆಲ್ಲಾಟ ನಿಂದು, ಪ್ರಾಣಸಂಕಟ ಬೆಕ್ಕಿಂದು."

ಅವಳಿಗೆ ನಗು ಬರಲಿಲ್ಲ. ಬೆಕ್ಕನ್ನು ವಾಪಸ್ ಕರೆದುಕೊಂಡು ಹೋಗಿ ಎಂದು ಬೆಳಿಗ್ಗೆಯೇ ಕೇಂದ್ರಕ್ಕೆ ಫೋನ್ ಮಾಡಿದ್ದಳು. ನನ್ನ ಹತ್ತಿರ ಯಾರಿಗೂ ಖುಷಿ ಇರೋದಿಲ್ಲ... ಈ ಮೂಕಪ್ರಾಣಿಗೆ ಯಾಕೆ ಶಿಕ್ಷೆ?

ಕರೆಗಂಟೆ ಸದ್ದಾಯಿತು.

ಬೆಕ್ಕನ್ನು ಒಯ್ಯಲು ಕೇಂದ್ರದಿಂದ ಬಂದು, ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಆದರೆ ಒಂದು ಭುಜ ಇಳಿಸಿ ನಿಲ್ಲುವ ಆ ರೀತಿ... ಇಡೀ ದಿನ ಇಸ್ತ್ರಿಪೆಟ್ಟಿಗೆ ಒತ್ತಿದವರು ನಿಲ್ಲುವ ರೀತಿ.

"ಸೂಜಿ?" ಎಂದ ಅವನು. ಮರುಕ್ಷಣ ತಡವರಿಸಿದ. "ಅಂದ್ರೆ... ನೀವಾ?"

ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತು... ಇಬ್ಬರೂ ಕೆಲಸ ಮಾಡುತ್ತಿದ್ದ ಮಹಡಿಯ ಮೇಲಿನ ಆ ಹೊಲಿಗೆ ಅಂಗಡಿ, ಒದ್ದೆ ಬಟ್ಟೆಯಿಂದ ಏಳುತ್ತಿದ್ದ ಹಬೆ, ಹಬೆಯ ಆಚೆಯಿಂದ ಅವಳನ್ನೇ ನೋಡುತ್ತಿದ್ದ ಎರಡು ಕಣ್ಣು. ಆಗ ಅವಳು ಕಡ್ಡಿಯಂತಿದ್ದಳು; ಮಾತು ಚುಚ್ಚುತ್ತಿತ್ತು. ಆ ಹೆಸರಿಟ್ಟವನೇ ಅವನು.

"ಬೆಕ್ಕು ಆಡೋದೇ ಇಲ್ಲ," ಎಂದಳು, ಬೇರೇನೂ ತೋಚದೆ.

ಅವನು ಪಟ್ಟಿ ಕೇಳಿ ಪಡೆದು ನೆಲದ ಮೇಲೆ ಕುಳಿತ. ಅದನ್ನು ಬೆಕ್ಕಿನ ಮುಖದ ಹತ್ತಿರ ಒಯ್ಯಲಿಲ್ಲ. ದೂರ ಎಳೆದು, ಕುರ್ಚಿಯ ಕಾಲಿನ ಹಿಂದೆ ಅರ್ಧ ಅಡಗಿಸಿ ಸುಮ್ಮನಾದ. ಬೂದಿ ಕದಲಲಿಲ್ಲ.

"ನೋಡಿದ್ರಾ?"

"ಶ್... ಬಾಲದ ತುದಿ ನೋಡಿ."

ತುದಿ ಮಾತ್ರ ಅಲುಗುತ್ತಿತ್ತು. ಕಣ್ಣಿನ ಪಾಪೆ ಅರಳಿ ಕಪ್ಪಗಾಗಿತ್ತು.

"ಆಟ ಶುರುವಾಗಿದೆ. ಹೊಂಚು ಹಾಕ್ತಾ ಇದೆ, ಅಷ್ಟೆ. ಹೊಸ ಮನೆ ಅಲ್ವಾ, ಜಾಸ್ತಿ ಹೊತ್ತು ಬೇಕು ಅದಕ್ಕೆ. ನಾವೇ ಬೇಜಾರಾಗಿ ಎತ್ತಿಟ್ಟುಬಿಡ್ತೀವಿ."

ಬೂದಿಯ ಹಿಂಭಾಗ ಆಚೆಈಚೆ ತೂಗಿತು... ಚಂಗನೆ ನೆಗೆದು ಪಟ್ಟಿಯನ್ನು ಕಚ್ಚಿ, ಹಿಂಗಾಲಲ್ಲಿ ಒದೆಯುತ್ತ ಉರುಳಾಡಿತು. ಚಿಕ್ಕಮ್ಮ ಬಾಯಿಗೆ ಕೈ ಒತ್ತಿ ನಕ್ಕಳು. ಸಮಯ ನೋಡಿ ಕೇಳಿಯೂ ಬಿಟ್ಟಳು.

"ಮನೇಲಿ ಯಾರಿದಾರಪ್ಪಾ ನಿಮಗೆ?"

"ಮೂರು ಕಾಲಿನ ನಾಯಿ ಒಂದು."

"ಇವಳಿಗೆ ನಾನೊಬ್ಬಳು. ಕಾಲು ಎರಡೇ, ಎರಡೂ ನೋವು," ಎನ್ನುತ್ತ ಚಿಕ್ಕಮ್ಮ ಟೀ ಮಾಡಲು ಒಳಗೆ ಹೋದಳು.

"ಅವತ್ತು ಮದುವೆ ಆಗ್ತೀಯಾ ಅಂತ ಕೇಳಿದಾಗ..." ಅವನು ಬೆಕ್ಕನ್ನೇ ನೋಡುತ್ತಿದ್ದ. "ನೀವು ಒಂದು ಮಾತೂ ಆಡಲಿಲ್ಲ. ಇಷ್ಟ ಇಲ್ಲ ಅಂದ್ಕೊಂಡು ಬೇರೆ ಊರಲ್ಲಿ ಕೆಲಸ ನೋಡ್ಕೊಂಡೆ."

"ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡಿದ್ದೆ."

ಅವನು ತಲೆ ಎತ್ತಿದ.

"ಕೋಟಿಗೆ ತೋಳು ಜೋಡಿಸ್ತಾ ಇದ್ದೆ. ಒಂದೊಂದಾಗಿ ತೆಗೀಬೇಕಲ್ಲ... ತೆಗೆಯೋ ಹೊತ್ತಿಗೆ ನೀವು ಮೆಟ್ಟಿಲು ಇಳಿದಾಗಿತ್ತು. ಇನ್ನೊಂದು ಸಲ ಕೇಳ್ತೀರೇನೋ ಅಂತ ಕಾದೆ... ನೀವು ಬರಲೇ ಇಲ್ಲ."

"ಪಿನ್ನು ಇಲ್ಲದೇ ಇದ್ದಿದ್ರೆ ಏನು ಹೇಳ್ತಿದ್ದೆ, ಸೂಜಿ?"

"ಹೂಂ ಅಂತಿದ್ದೆ."

ಅವನು ಖಾಲಿ ಬುಟ್ಟಿ ಎತ್ತಿಕೊಂಡ.

"ಮುಂದಿನ ವಾರ ಬಂದು ನೋಡಬಹುದಾ? ಬೆಕ್ಕನ್ನ."

"ಬನ್ನಿ. ನಾಯೀನ ಮಾತ್ರ ಮನೇಲೇ ಬಿಟ್ಟು ಬನ್ನಿ."

ಅವನ ಹೆಜ್ಜೆಯ ಸದ್ದು ಬೀದಿಯಲ್ಲಿ ಕರಗುವವರೆಗೂ ಅವಳು ಬಾಗಿಲಲ್ಲಿ ನಿಂತಿದ್ದಳು.

"ಟೀ ಕುಡೀದೇ ಹೋದ್ರಾ?" ಚಿಕ್ಕಮ್ಮ ಒಳಗಿನಿಂದ ಕೇಳಿದಳು. "ಏನಂತೆ?"

"ಏನಿಲ್ಲ ಚಿಕ್ಕಮ್ಮ."

ಮುಂದಿನ ವಾರ ಅವನು ಕೇಳಲಿ ಎಂದು ಕಾಯುವುದು ಬೇಡ. ಈ ಸಲ ಕೇಳುವವಳು ತಾನೇ.

ಅವಳು ಮೆಷಿನ್ನಿನ ಮುಂದೆ ಕುಳಿತು ಪೆಡಲು ತುಳಿದಳು.