ಪುಟ್ಟಕ್ಕನ ಕೊರಳಪಟ್ಟಿ

ಪಟ್ಟಿ ಕಟ್ಟಿ ಎರಡು ನಿಮಿಷ ಆಗಿರಲಿಲ್ಲ, ಅದರ ದೀಪ ಕೆಂಪಾಯಿತು.

ಡಾ. ಧೃತಿ ಮತ್ತೊಮ್ಮೆ ಬಿಚ್ಚಿ ಕಟ್ಟಿದರು. ಮತ್ತೆ ಕೆಂಪು. ಮೇಜಿನ ಮೇಲೆ ಮಲಗಿದ್ದ ಕಂದು ಬಣ್ಣದ ನಾಯಿ ಕಣ್ಣಷ್ಟೇ ಎತ್ತಿ ಅವರನ್ನು ನೋಡಿತು. ಅದರ ಹೆಸರು ಪುಟ್ಟಕ್ಕ. ಪಕ್ಕದಲ್ಲಿ ನಿಂತಿದ್ದವರು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಲೋಹಿತ್. ಹೆಸರು ಕೇಳಿ ಹುಡುಗ ಅಂದುಕೊಳ್ಳಬೇಡಿ, ಇದು ೨೦೬೧ರ ಮಾತು. ಆ ಹೊತ್ತಿಗೆ ಊರಿನ ಲೋಹಿತರೆಲ್ಲ ತಲೆ ನೆರೆತವರು.

ಈ ಪಟ್ಟಿಯನ್ನು ಕಂಡುಹಿಡಿದವರು ಧೃತಿಯೇ. ಒಳಗೆ ಏನು ಕೆಟ್ಟರೂ ಉಸಿರಿನ ವಾಸನೆ ಒಂದಿಷ್ಟು ಬದಲಾಗುತ್ತದೆ. ಮೂತ್ರಪಿಂಡ ಸೋಲುತ್ತಿದ್ದರೆ ಒಂದು ಬಗೆ, ಯಕೃತ್ತು ಸೋಲುತ್ತಿದ್ದರೆ ಇನ್ನೊಂದು ಬಗೆ. ಮನುಷ್ಯರ ಮೂಗಿಗೆ ಅದು ಹತ್ತುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಪಟ್ಟಿಯೊಳಗಿನ ಕೂದಲಿಗಿಂತ ತೆಳುವಾದ ತಂತಿಗಳು ಅದನ್ನು ಆರು ತಿಂಗಳು ಮುಂಚೆಯೇ ಹಿಡಿಯುತ್ತವೆ. ಹಸಿರು ದೀಪ ಎಂದರೆ ಕ್ಷೇಮ, ಹಳದಿ ಎಂದರೆ ಈಗಲೇ ವೈದ್ಯರ ಹತ್ತಿರ ಹೋಗಿ ಎಂದು. ಕೆಂಪು ಹತ್ತುವ ತನಕ ಯಾರೂ ಕಾಯಬಾರದು ಅನ್ನುವುದಕ್ಕೇ ಧೃತಿ ಹನ್ನೆರಡು ವರ್ಷ ಒದ್ದಾಡಿದ್ದು.

ಅವರು ಪರದೆ ನೋಡಿದರು. ಹಣೆ ಗಂಟಿಕ್ಕಿತು.

"ಲೋಹಿತ್ ಅವರೇ, ನಿನ್ನೆ ಸಂಜೆಯವರೆಗೆ ಈ ಪಟ್ಟಿ ಹಸಿರು ತೋರಿಸಿದೆ. ಇವತ್ತು ನೋಡಿದರೆ ಮೂತ್ರಪಿಂಡ ಮುಕ್ಕಾಲು ಪಾಲು ಹೋಗಿದೆ. ಒಂದು ರಾತ್ರಿಯಲ್ಲಿ ಹೀಗಾಗೋದಿಲ್ಲ."

ಅಷ್ಟರಲ್ಲಿ ಲೋಹಿತ್ ಅವರ ಫೋನು ಸದ್ದು ಮಾಡಿತು. ಓದಿ, ಧೃತಿಯ ಮುಂದೆ ಹಿಡಿದರು.

"ವಿಮಾ ಕಂಪನಿಯವರು ಮಂಜೂರು ಮಾಡ್ಯಾರ್ರೀ ಮೇಡಂ. ಜೀವ ಇರೋವರೆಗೂ ಪೂರ್ತಿ ಚಿಕಿತ್ಸೆ ಅಂತ. ಇನ್ನ ಏನು ಬೇಕಾದ್ರೂ ಮಾಡ್ರಿ."

"ಮಾಡೋದಕ್ಕೆ ಹೆಚ್ಚೇನೂ ಉಳಿದಿಲ್ಲ," ಎಂದರು ಧೃತಿ. "ಮೂರು ತಿಂಗಳ ಹಿಂದೆ ಬಂದಿದ್ದರೆ ಮೂರು ವರ್ಷ ಬದುಕಿಸಬಹುದಿತ್ತು. ಈಗ ಮೂರು ವಾರ."

ಆ ದೊಡ್ಡ ಮನುಷ್ಯ ಕುರ್ಚಿ ಹುಡುಕಿ ಕುಳಿತರು. ಹಾಗೇ ಎಲ್ಲವನ್ನೂ ಹೇಳಿದರು.

ಪಾಪ, ಅವರು ಕಣ್ಣು ಮುಚ್ಚಿ ವಿಮೆ ಮಾಡಿಸಿದವರಲ್ಲ. ನಾಲ್ಕು ಕಂಪನಿಗಳ ಕಾಗದ ತರಿಸಿ, ಕನ್ನಡಕ ಒರೆಸಿಕೊಂಡು ಓದಿದವರು. ಅಪಘಾತಕ್ಕೆ ಮಾತ್ರ ಕೊಡುವುದು ಬೇಡ, ಕಾಯಿಲೆಗೂ ಬೇಕು ಎಂದುಕೊಂಡರು. ಒಂದೇ ವರ್ಷಕ್ಕೆ ಮುಗಿದುಹೋಗುವುದೂ ಬೇಡ, ಸಾಯುವವರೆಗೂ ಕೊಡುವಂಥದ್ದು ಬೇಕು. ಸರಿಯಾದದ್ದನ್ನೇ ಆರಿಸಿದರು. ಅದರಲ್ಲಿ ಎರಡು ಷರತ್ತುಗಳಿದ್ದವು. ಎಂಟು ವರ್ಷ ತುಂಬಿದ ನಾಯಿಯನ್ನು ಸೇರಿಸಿಕೊಳ್ಳುವುದಿಲ್ಲ. ಪುಟ್ಟಕ್ಕನಿಗೆ ಆಗ ಏಳೂವರೆ. ಇನ್ನೊಂದು, ಮೊದಲ ತೊಂಬತ್ತು ದಿನ ಕಾಯುವ ಅವಧಿ. ವಿಮೆಯ ಜೊತೆ ಪುಕ್ಕಟೆ ಬರುವ ಪಟ್ಟಿ ಹೇಳಿದ್ದೆಲ್ಲ ನೇರ ಕಂಪನಿಗೂ ಹೋಗುತ್ತದೆ. ಆ ತೊಂಬತ್ತು ದಿನದಲ್ಲಿ ಪಟ್ಟಿಯಲ್ಲಾಗಲಿ ವೈದ್ಯರ ಚೀಟಿಯಲ್ಲಾಗಲಿ ಕಾಣಿಸಿಕೊಂಡದ್ದು 'ಮೊದಲೇ ಇದ್ದ ಕಾಯಿಲೆ', ಅದಕ್ಕೆ ಎಂದೆಂದಿಗೂ ಪರಿಹಾರವಿಲ್ಲ.

ವಿಮೆ ಶುರುವಾದ ಮೂರನೇ ದಿನ ಪುಟ್ಟಕ್ಕ ಎರಡು ಬಟ್ಟಲು ನೀರು ಕುಡಿದು ಮೂರನೆಯದಕ್ಕೆ ಬಂದು ನಿಂತಿತು.

"ಅಷ್ಟು ನೀರು ಕುಡಿಯೋದು ಮೂತ್ರಪಿಂಡದ ಕಾಯಿಲಿ ಗುರುತು ಅಂತ ನಂಗ ಗೊತ್ತಿತ್ತು. ಹೊಸ ಪಟ್ಟಿಗೆ ನಾಯಿ ವಾಸನಿ ಕಲಿಯೋಕೆ ಒಂದು ವಾರ ಬೇಕು, ಅದಕ್ಕ ದೀಪ ಇನ್ನೂ ಹಸಿರೇ ಇತ್ರೀ. ಹಳದಿ ಆದ್ರ ಮುಗೀತಲ್ಲ ಅಂತ ಪಟ್ಟಿ ಬಿಚ್ಚಿದೆ. ತಂಗಿ ಸಿಂಚನಾ ಮನ್ಯಾಗ ಭೈರ ಅದಾನ, ಇವಳ ಅಣ್ಣ, ಒಂದೇ ಸೂಲಿನವು. ಅವನ ಕೊರಳಿಗೆ ಕಟ್ಟಿದೆ. ಬ್ಯಾರೆ ನಾಯಿಗಾದ್ರ ಪಟ್ಟಿ ಒಪ್ಪಂಗಿಲ್ಲ, ಒಡಹುಟ್ಟಿದವನಿಗೆ ಒಪ್ತು. ಸಿಂಚನಾ ಬೈದ್ಲು, 'ಡಾಕ್ಟರ್ ಹತ್ರ ಕರ್ಕೊಂಡು ಹೋಗಣ್ಣ' ಅಂತ. ಹೋದ್ರ ಚೀಟಿ ಬರೀತಾರಲ್ಲವ್ವಾ ಅಂದೆ. ಆ ಚಿಕಿತ್ಸಾನ ಕೈಯಿಂದ ಮಾಡಿಸೋಕೆ ಭಟ್ಟಿ ಮಾರಿದ್ರೂ ಸಾಲಂಗಿಲ್ರೀ."

"ತೊಂಬತ್ತು ದಿನ ಸುಮ್ಮನಿದ್ದಿರಾ?"

"ಎಣಿಸಿಕೋತ ಇದ್ದೆ. ಮೇಡಂ, ಈ ಮೂರು ತಿಂಗಳು ಅವಳ ಮುಖ ಸರಿಯಾಗಿ ನೋಡೇ ಇಲ್ಲ. ನೋಡಿದ್ರ ಗೊತ್ತಾಗಿಬಿಡ್ತೈತಲ್ಲ ಅಂತ. ಕಾಲ ಹತ್ರ ಬಂದು ಕೂತ್ರೂ ಎದ್ದು ಹೋಗ್ತಿದ್ದೆ. ಮನ್ಯಾಗೇ ಇದ್ಲು, ಆದ್ರೂ ಅವಳ ನೆನಪಾಗಿ ಜೀವ ಹಿಂಡ್ತಿತ್ತು." ಕೈ ಚಾಚಿ ಪುಟ್ಟಕ್ಕನ ತಲೆ ಸವರಿದರು. "ತಪ್ಪು ನಂದೇ. ಕಂಪನಿಗೆ ಬರೀರಿ."

ಧೃತಿ ಬರೆಯಲಿಲ್ಲ. ನೋವು ಕಡಿಮೆ ಮಾಡುವ ಔಷಧ ಕೊಟ್ಟು ಕಳಿಸಿದರು.

ಅವರು ಹೋದಮೇಲೆ ಧೃತಿ ರಾಜ್ಯದ ಎಲ್ಲ ಪಟ್ಟಿಗಳ ಲೆಕ್ಕ ತೆರೆದರು. ಹನ್ನೊಂದು ಸಾವಿರ ನಾಯಿ, ಬೆಕ್ಕು. ಕಾಯುವ ಅವಧಿಯಲ್ಲಿ ಹಳದಿ ತೋರಿಸಿದವು ಇಪ್ಪತ್ತೂ ಇಲ್ಲ. ತೊಂಬತ್ತೊಂದನೆಯ ದಿನದಿಂದ ಒಂದೇ ವಾರದಲ್ಲಿ ಆರುನೂರು ಕೆಂಪು; ಎಲ್ಲರೂ ಒಂದಲ್ಲ ಒಂದು ಉಪಾಯದಿಂದ ಅಲ್ಲಿಯವರೆಗೆ ದೀಪವನ್ನು ಹಸಿರಾಗಿಟ್ಟಿದ್ದರು. ಇದರಲ್ಲಿ ಮೊದಲ ಅಂಕಿಯನ್ನು ಅವರು ಹಿಂದೆಯೂ ನೋಡಿದ್ದರು. ಕಂಪನಿಯವರು ಮೊದಲ ಸಾಲನ್ನಷ್ಟೇ ತೋರಿಸಿ, "ನಿಮ್ಮ ಪಟ್ಟಿ ಕಟ್ಟಿದ ಪ್ರಾಣಿಗಳು ಎಷ್ಟು ಗಟ್ಟಿಮುಟ್ಟು ನೋಡಿ ಮೇಡಂ," ಎಂದು ಶಾಲು ಹೊದಿಸಿದ್ದರು. ಧೃತಿಯೂ ಹಿಗ್ಗಿದ್ದರು.

ಧೃತಿಗೆ ಎಂಟು ವರ್ಷವಿದ್ದಾಗ ಅವರ ನಾಯಿ ಜೂಲಿ ಮೆಟ್ಟಿಲ ಕೆಳಗೆ ಸತ್ತು ಬಿದ್ದಿತ್ತು. ಕಾಯಿಲೆ ಎಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೊದಲೇ ತಿಳಿದಿದ್ದರೆ ಎಂಬ ಕೊರಗಿನಿಂದ ಹುಟ್ಟಿದ್ದು ಈ ಪಟ್ಟಿ. ಎಲ್ಲರಿಗೂ ಪುಕ್ಕಟೆ ಸಿಗಲಿ ಎಂದು ಪಟ್ಟಿ ಹೇಳುವುದನ್ನು ವಿಮಾ ಕಂಪನಿಗಳಿಗೂ ಕೊಡಲು ಸಹಿ ಹಾಕಿದವರೂ ಅವರೇ. ತಿಳಿಯಲಿ ಎಂದು ಮಾಡಿದ ಯಂತ್ರ ಆರುನೂರು ಮನೆಗಳಲ್ಲಿ ತಿಳಿಯದಂತೆ ಇರುವುದನ್ನು ಕಲಿಸಿತ್ತು. ಅವರು ಪರದೆ ಆರಿಸಿ ಅತ್ತರು.

ಮರುದಿನ ಧೃತಿ ಕಂಪನಿಗೆ ಪತ್ರ ಬರೆದರು: ಇನ್ನುಮೇಲೆ ಪಟ್ಟಿ ಹೇಳುವುದು ಮನೆಯವರಿಗೆ ಮಾತ್ರ. ಹಾಗಾದರೆ ಪುಕ್ಕಟೆ ಕೊಡಲಾಗದು ಎಂದು ಉತ್ತರ ಬಂತು. ಆ ವರ್ಷ ಪಟ್ಟಿ ಕಟ್ಟಿಕೊಂಡ ನಾಯಿಗಳು ನಾನೂರೂ ಆಗಲಿಲ್ಲ. ಆದರೆ ಅವುಗಳ ದೀಪ ಹಳದಿಯಾದಾಗ ಜನ ಅದೇ ದಿನ ಬಂದರು.

ಪುಟ್ಟಕ್ಕ ಇಪ್ಪತ್ತೆರಡು ದಿನ ಇದ್ದಳು. ಲೋಹಿತ್ ಭಟ್ಟಿಯನ್ನು ತಂಗಿಗೆ ಒಪ್ಪಿಸಿ, ಚಾಪೆ ಹಾಕಿಕೊಂಡು ಅವಳೆದುರು ಮಲಗಿದರು. ಮೂತಿಯ ಸುತ್ತ ಯಾವಾಗ ಇಷ್ಟು ಬೆಳ್ಳಗಾಯಿತು ಎಂದು ಅವರಿಗೆ ಗೊತ್ತೇ ಇರಲಿಲ್ಲ. ಸಿಂಚನಾಳನ್ನು ಕೇಳಿದರು. ಮೂರು ತಿಂಗಳಾಯ್ತಣ್ಣ, ಎಂದಳು ಅವಳು.

೨೦೬೧ ಬರಲು ಇನ್ನೂ ಕಾಲವಿದೆ, ಅಂಥ ಪಟ್ಟಿಯನ್ನು ಯಾರೂ ಮಾಡಿಲ್ಲ. ಕಾಗದದ ಮೇಲಿನ ಕಾಯುವ ಅವಧಿ ಮಾತ್ರ ಈಗಲೂ ಇದೆ. ವಿಮೆ ಮಾಡಿಸುವುದಾದರೆ ಮರಿ ಆಡಿಕೊಂಡಿರುವಾಗಲೇ ಮಾಡಿಸಿ, ಷರತ್ತುಗಳನ್ನೂ ಪೂರ್ತಿ ಓದಿ. ಓದಿ ಮುಗಿಸಿದ ಮೇಲೆ ಕಾಗದ ಪಕ್ಕಕ್ಕಿಟ್ಟು, ನಿಮ್ಮ ಕಾಲ ಬಳಿ ಬಂದು ಕೂತಿದೆಯಲ್ಲ, ಅದರ ಮುಖವನ್ನು ಒಮ್ಮೆ ಸರಿಯಾಗಿ ನೋಡಿ.