ಸುಳ್ಳು ದೀಪ

ವಿನೋದಿನಿ ತೊಟ್ಟಿಲಲ್ಲಿದ್ದಾಗಲೇ ಅವಳು ಕುಮರೇಶನ್‌ಗೆ ಎಂದು ಅವಳ ಅಪ್ಪ, ಕುಮರೇಶನ್‌ನ ಸೋದರಮಾವ ಸುಬ್ಬಯ್ಯನ್ ನಾಲ್ಕು ಜನರೆದುರು ಮಾತು ಕೊಟ್ಟಿದ್ದರು. ಈಗ ಅವಳಿಗೆ ವಾಲ್ಪಾರೈನ ಟೀ ಎಸ್ಟೇಟಿನ ಹುಡುಗನೊಬ್ಬನನ್ನು ಗೊತ್ತು ಮಾಡಿ, "ಹುಡುಗಿ ಒಪ್ಪಲಿಲ್ಲ ಪಾ, ಮನಸ್ಸಲ್ಲಿ ಇಟ್ಕೋಬೇಡ" ಎಂದು ಕೈ ತೊಳೆದುಕೊಂಡರು. ಕುಮರೇಶನ್ ನಕ್ಕು ತಲೆಯಾಡಿಸಿದ. ಮಾವನ ಮಗ್ಗಗಳಿಗೆ ಫಿಟ್ಟರ್ ಆಗಿ ಇಷ್ಟು ವರ್ಷ ಎಣ್ಣೆ ಬಿಟ್ಟವನು ಅವನು, ಅಳಿಯನಾಗುತ್ತೇನೆಂದು ನಂಬಿಯೇ ಬಿಟ್ಟಿದ್ದ.

ಯಜಮಾನ ಸತ್ತ ಮನೆಯಲ್ಲಿ ವರ್ಷದವರೆಗೆ ಮದುವೆಯ ಮಾತು ಎತ್ತುವವರಿಲ್ಲ. ಗಂಡುದಿಕ್ಕಿಲ್ಲದ ಅತ್ತೆ ರಾಮಾತಾಳ್ ಆಗ ಯಾರ ಮುಖ ನೋಡಬೇಕು? ಕುಮರೇಶನ್ ಇಷ್ಟನ್ನು ಮಾತ್ರ ಯೋಚಿಸಿದ್ದ. ಉಳಿದುದನ್ನು ಮಾವನೇ ತಂದು ಕೈಗಿಟ್ಟರು.

ಅವರ ಹಳೆಯ ಬಿಳಿ ಕಾರಿನಲ್ಲಿ, ಎಂಜಿನ್ ಆಯಿಲ್ ಕಡಿಮೆ ಎಂದು ಎಚ್ಚರಿಸುವ ಕೆಂಪು ದೀಪ ಕೆಲವು ತಿಂಗಳಿಂದ ಸುಮ್ಮಸುಮ್ಮನೆ ಉರಿಯುತ್ತಿತ್ತು.

"ಮುಂಚೆಯೆಲ್ಲ ಹತ್ತಿ ಆರ್ಕೊಂಡುಬುಡ್ತಿತ್ತು, ಈಗ ಆರೋದೇ ಇಲ್ಲ ಪಾ," ಎಂದರು ಮಾವ. "ಶುಕ್ರವಾರ ತಾಂಬೂಲ ಎತ್ಕೊಂಡು ನಾನೊಬ್ಬನೇ ವಾಲ್ಪಾರೈಗೆ ಹೋಗ್ಬೇಕು. ಗಾಂಧಿಪುರಂ ವರ್ಕ್‌ಶಾಪಲ್ಲಿ ಬಿಡ್ಲಾ?"

"ಯಾತಕ್ಕೆ ಮಾವ? ನಾನೇ ನೋಡ್ತೀನಿ. ಬೇರೆ ಯಾರೂ ಕೈ ಇಕ್ಕೋದು ಬ್ಯಾಡ."

ಪಕ್ಕದಲ್ಲಿದ್ದ ಅತ್ತೆ, "ಹೊಟ್ಟೆಯಲ್ಲಿ ಹುಟ್ಟಿದ ಮಗ ಇದ್ದಿದ್ರೂ ಹಿಂಗೆ ನೋಡ್ತಿರ್ಲಿಲ್ಲ" ಎಂದು ಕಣ್ಣೊರೆಸಿಕೊಂಡಳು.

ಕೆಲಸ ಅಚ್ಚುಕಟ್ಟಾಗಿ ನಡೆಯಿತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಗುರುತಿನವರೆಗೆ ತುಂಬಿತ್ತು. ಎಂಜಿನ್ ಸದ್ದೂ ಸರಿಯಾಗಿತ್ತು. ಆಯಿಲ್ ಒತ್ತಡ ಅಳೆಯುವ ಸ್ವಿಚ್ಚಿನಿಂದ ವಯರನ್ನು ಕಳಚಿದ. ದೀಪ ಆಗಲೂ ಆರಲಿಲ್ಲ. ಹಾಗಾದರೆ ದೋಷ ಸ್ವಿಚ್ಚಿನದಲ್ಲ, ವಯರಿನದು. ಬೆರಳಿನಿಂದ ಅದನ್ನು ಸವರುತ್ತ ಹೋದಾಗ ಬ್ಯಾಟರಿಯ ಹಿಂದೆ ಸಿಕ್ಕಿತು: ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಸವೆದು, ತಾಮ್ರ ಕಾರಿನ ಮೈಗೆ ತಾಗಿತ್ತು. ದೀಪ ಸುಳ್ಳು ಹೇಳುತ್ತಿದ್ದುದು ಇದರಿಂದಲೇ.

ಒಂದು ತುಂಡು ಟೇಪ್ ಸುತ್ತಿದ್ದರೆ ಮುಗಿಯುತ್ತಿತ್ತು. ಅವನು ಟೇಪಿಗೆ ಕೈ ಹಾಕಲಿಲ್ಲ, ಕಟಿಂಗ್ ಪ್ಲೈಯರ್ ಎತ್ತಿಕೊಂಡ. ಸವೆದ ಜಾಗಕ್ಕಿಂತ ಮೇಲೆ, ದೀಪದ ಕಡೆಗೆ, ವಯರನ್ನು ಕತ್ತರಿಸಿ, ತುದಿಯನ್ನು ಕಾಣದಂತೆ ಒಳಗೆ ತುರುಕಿದ. ಎಂಜಿನ್ ಓಡುತ್ತಿತ್ತು, ದೀಪ ಆರಿತ್ತು. ಇನ್ನು ಆಯಿಲ್ ಪೂರ್ತಿ ಬಸಿದು ಹೋದರೂ ಅದು ಬಾಯಿ ಬಿಡುವುದಿಲ್ಲ.

ಗುರುವಾರ ಸಂಜೆ, ತೊಳೆಯುವ ನೆಪದಲ್ಲಿ ಕಾರಿನಡಿ ನುಗ್ಗಿ, ಆಯಿಲ್ ಬಸಿಯುವ ಬೋಲ್ಟನ್ನು ಸಡಿಲಿಸಿದ. ಊರ ಸಪಾಟು ರಸ್ತೆಯಲ್ಲಿ ಅದು ನಿಲ್ಲುತ್ತದೆ. ಆಳಿಯಾರ್ ದಾಟಿ ಘಾಟಿಯ ತಿರುವುಗಳಲ್ಲಿ ಕುಲುಕಾಡಿದಾಗ ಕಳಚಿ ಬೀಳುತ್ತದೆ. ಎಂಜಿನ್ ಸೀಜ್ ಆಗಿ ಹಿಡಿದುಕೊಳ್ಳುತ್ತದೆ, ಒಂದು ಪಕ್ಕ ಪ್ರಪಾತ. ಹಳೆಯ ಕಾರು, ವಯಸ್ಸಾದ ಕೈ. ಯಾರು ಏನು ಕೇಳುತ್ತಾರೆ? ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು. ಸಾಕಿದ ಕೈಯನ್ನೇ ಕಡಿಯುತ್ತಿದ್ದೇನೆಂಬ ಅಳುಕು ಹತ್ತಿರವೂ ಸುಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಬೇಗ ಶೆಡ್ಡಿಗೆ ಹೋಗಿ, ಎಲ್ಲರ ಕಣ್ಣಿಗೆ ಬೀಳುವಂತೆ ಮಗ್ಗದ ಕೆಲಸಕ್ಕೆ ನಿಂತ. ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ಮಾವನ ನಂಬರು. ಪೊಲೀಸರು ಸತ್ತವರ ಫೋನಿನಿಂದಲೇ ಮನೆಯವರನ್ನು ಕರೆಯುತ್ತಾರೆಂದು ಕೇಳಿದ್ದ. ಅಳುವುದಕ್ಕೆ ಗಂಟಲು ಸರಿಮಾಡಿಕೊಂಡು ಎತ್ತಿದ.

"ಕುಮರೇಶಾ, ನಾನಿನ್ನೂ ಹೊರಟಿಲ್ಲ ಪಾ," ಎಂದಿತು ಮಾವನ ದನಿ, ತಣ್ಣಗೆ. "ಬೆಳಿಗ್ಗೆ ಕೀ ತಿರುಗಿಸ್ದೆ, ಕೆಂಪು ದೀಪ ಹತ್ತಲೇ ಇಲ್ಲ. ಎಲ್ಲಾ ಸರಿ ಇರೋ ವಂಡೀಲಿ, ಎಂಜಿನ್ ಎದ್ದೇಳೋ ಮುಂಚೆ ಅದು ಒಂದ್ಸಲ ಹತ್ತಿ ಆಮೇಲೆ ಆರ್ಬೇಕು. ಮನೆ ದೀಪಕ್ಕೆ ಮುಗ್ದಂಗೆ ಅದಕ್ಕೆ ಕೈ ಮುಗ್ದು ತಾನೇ ನಾನು ವಂಡಿ ಎತ್ತೋದು? ಮೆಕ್ಯಾನಿಕ್ ಮಯಿಲ್‌ಸಾಮೀನ ಕರೆಸಿದೆ. ವಯರ್ ಕತ್ತರಿಸವ್ರೆ, ಅಡಿ ಬೋಲ್ಟು ಬರೀ ಕೈಯಲ್ಲೇ ತಿರುಗ್ತದೆ ಅಂತಾನೆ. ಪೊಲೀಸ್ ಸ್ಟೇಷನ್‌ನೋರು ಬಂದು ಕೂತವ್ರೆ. ವಂಡಿಗೆ ಯಾರು ಯಾರು ಕೈ ಇಕ್ಕಿದ್ರು ಅಂತ ಕೇಳಿದ್ರು. ನಮ್ ಕುಮರೇಶನ್ ಬಿಟ್ಟು ಬೇರೆ ಯಾರೂ ಇಕ್ಕಿಲ್ಲ ಅಂದೆ."