ಗೋದಾಬಾಯಿಯ ವ್ಯಾಸಪೀಠ

ಹದಿಮೂರನೇ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಬಾಗಿಲು ತೆರೆದ ಶರಣ್ಯಾಳ ಕೈಗೆ ಭುಜಂಗ ಒಂದು ಬಟ್ಟೆ ಚೀಲ ಕೊಟ್ಟ. ತೀರಿಹೋದ ಅವಳ ಗಂಡ ಅಕ್ಷಯನ ಪುಣೆಯ ಹೋಟೆಲಿನಲ್ಲಿ ಅಡುಗೆಯವನು ಅವನು.

"ಅಣ್ಣಂದು. ಗಲ್ಲಾದ ಕೆಳಗೆ ಇತ್ತು ಅತ್ತಿಗೆ."

ಒಳಗೆ ಒಂದು ವ್ಯಾಸಪೀಠ! ಕತ್ತರಿಯಂತೆ ಬಿಚ್ಚಿಕೊಳ್ಳುವ ಎರಡು ಹಲಗೆ. ಪುಸ್ತಕ ಅದರ ಮೇಲಿಟ್ಟು, ನೆಟ್ಟಗೆ ಕುಳಿತು ಓದುವುದಕ್ಕೆ.

ಓದುವುದಕ್ಕೆ? ಅಕ್ಷಯ?

ಮದುವೆಯಾದ ಎರಡು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಪುಸ್ತಕವನ್ನೂ ಅವಳು ಕಂಡಿರಲಿಲ್ಲ.

ಹಲಗೆ ತಿರುಗಿಸಿದಳು. ಬಿಳಿ ಬಣ್ಣದಲ್ಲಿ ಒಂದು ಹೆಸರು: ಗೋದಾ.

"ಯಾರು ಭುಜಂಗ ಇವಳು?"

ಅವನು ತಲೆ ತಗ್ಗಿಸಿದ. "ಅಣ್ಣ ದಿನಾ ಮಧ್ಯಾಹ್ನ ಕೊಂಢವಾಕ್ಕೆ ಹೋಗ್ತಿದ್ರು. ಒಮ್ಮೆ ನಾನೇ ಬಿಟ್ಟು ಬಂದದ್ದು. ಮನೆಯಲ್ಲಿ ಹೇಳ್ಬೇಡ ಅಂದಿದ್ರು..."

ದಿನಾ! ಸಾಮಾನು ತರಲು ಹೋಗಿದ್ದೆ ಎನ್ನುತ್ತಿದ್ದನಲ್ಲ...

ಇಷ್ಟು ದಿನ ಮರಗಟ್ಟಿದ್ದ ಮನಸ್ಸಿಗೆ ಏನೋ ಚುಚ್ಚಿತು. ಅವನ ಮನಸ್ಸಿನಲ್ಲಿ ನಾನು ಇದ್ದೆನೋ, ಇಲ್ಲವೋ?

"ಆ ಮನೆ ತೋರಿಸು" ಎಂದಳು.

ಬಾಗಿಲು ತೆರೆದ ಗೋದಾಗೆ ಎಪ್ಪತ್ತು ದಾಟಿತ್ತು! ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಚೀಲ ಕಂಡದ್ದೇ ಗುರುತು ಹಿಡಿದರು.

"ಶರಣ್ಯಾ ಅಲ್ಲೇನವ್ವ? ಒಳಗ ಬಾ. ಸುದ್ದಿ ಕೇಳಿದೆ... ಮೊಣಕಾಲು ಬರಗೊಡಲಿಲ್ಲ."

"ಅವರು ಇಲ್ಲಿಗೆ ಯಾಕೆ ಬರ್ತಿದ್ರು?"

"ಕನ್ನಡಾ ಕಲಿಯಾಕ."

"ಅವರಿಗೆ ಕನ್ನಡ ಬರ್ತಿತ್ತಲ್ಲ!"

"ಮಾತು ಬರ್ತಿತ್ತು. ಪುಣೇದಾಗ ಹುಟ್ಟಿ ಮರಾಠಿ ಸಾಲ್ಯಾಗ ಕಲಿತಾಂವ, ಅಕ್ಷರಾ ಎಲ್ಲಿಂದ ಬರಬೇಕು? ಲಗ್ನದ ಮೊದಲ ನೀ ಬರೆದ ಹದಿನಾಲ್ಕು ಹಾಳಿ ಪತ್ರಾ ಹಿಡಕೊಂಡು ಆರು ತಿಂಗಳ ಹಿಂದ ಬಂದ. ನಿನ್ನ ಮುಂದ ಓದೀನಿ ಅಂತ ಸುಳ್ಳ ಹೇಳಿ ಕುಂತಿದ್ದ. ನಾಚಿಕಿ ನೋಡು!"

ಶರಣ್ಯಾ ಕುರ್ಚಿ ಎಳೆದು ಕುಳಿತಳು. ಆ ಪತ್ರಕ್ಕೆ ಅವನು ಹೇಳಿದ್ದು ಎರಡೇ ಮಾತು: "ಚಂದ ಉಂಟು." ಆಮೇಲೆ ಅವಳು ಅವನಿಗೆಂದು ಒಂದು ಸಾಲೂ ಬರೆದಿರಲಿಲ್ಲ. ಮೊಬೈಲಿನಲ್ಲೂ ಅವನದು ಇಂಗ್ಲಿಷ್ ಅಕ್ಷರಗಳೇ... ಛೆ, ನನಗೇಕೆ ಹೊಳೆಯಲಿಲ್ಲ?

"ದೋಸಿ ಕಾವಲಿ ಮುಂದ ನಿಂತು ನಿಂತು ಕುತ್ತಿಗಿ ಹಿಡದಿತ್ತು. ಬಗ್ಗಿ ಓದಾಕ ಆಗವಲ್ದು ಅಂದ. ಈ ವ್ಯಾಸಪೀಠ ಒಯ್ಯಿ ಅಂದೆ. ಹಾಳಿ ಬಾಗ್ತಾವಂತ ಹಿಂದ ಹುಡುಗರು ಬರಿಯೋ ಪಾಟಿ ಒಂದು ಇಟ್ಟು ತೋರಿಸಿದೆ. ವಾರಕ್ಕ ಒಂದು ಹಾಳಿ. ಹನ್ನೊಂದು ಮುಗಿಸಿದ್ದ."

"ಹನ್ನೊಂದನೇದರಲ್ಲಿ... ನಂಗೆ ಮಾತು ಕಡಿಮೆ, ನಿಮಗೆ ಬೇಸರ ಆಗ್ತದಾ ಅಂತ ಕೇಳಿದ್ದೆ."

"ಅದನ್ನ ಓದಿ ಹಣಿ ಬಡಕೊಂಡ. 'ಎರಡು ವರ್ಷ ಉತ್ತರವೇ ಕೊಡ್ಲಿಲ್ವಲ್ಲ ಟೀಚರ್! ಅವಳ ಹತ್ರ ಸುಮ್ಮನೆ ಕೂತ್ರೆ ಹೋಟೆಲಿನ ಗದ್ದಲವೆಲ್ಲ ಇಳಿದು ಹೋಗ್ತದೆ. ಅದನ್ನು ಹೇಗೆ ಬರೆಯೋದು?' ಅಂದ."

ಶರಣ್ಯಾ ಅತ್ತಳು. ಗೋದಾಬಾಯಿ ತಡೆಯಲಿಲ್ಲ.

ಆಮೇಲೆ ಅವಳು ಚೀಲದಿಂದ ವ್ಯಾಸಪೀಠ ಹೊರತೆಗೆದಳು.

"ನಿನ್ನ ಹತ್ರನ ಇರಲಿ ಬಿಡವ್ವ."

"ಬೇಡ ಟೀಚರ್. ಅವರು ಎರವಲು ತಂದದ್ದು."

"ಹಂಗಾರ ಉಳಿದ ಮೂರು ಹಾಳ್ಯಾಗ ಏನದ, ಹೇಳು. ನನ್ನ ಜೋಡಿ ಪಂಥ ಕಟ್ಟಿದ್ದ. 'ಕೊನೆಗೆ ನನ್ನ ಮೇಲೆ ಮನಸ್ಸಾಗಿದೆ ಅಂತಲೇ ಬರೆದಿರ್ತಾಳೆ, ನೋಡಿ' ಅಂತ. ಇಷ್ಟು ಓದಿದ ಹುಡುಗಿ ಅಷ್ಟು ಸರಳ ಒಪ್ಪಂಗಿಲ್ಲ ಅಂದಿದ್ದೆ ನಾ!"

ಕಣ್ಣೊರೆಸಿಕೊಳ್ಳುತ್ತಲೇ ಅವಳಿಗೆ ನಗು ಬಂತು.

"ನೀವು ಸೋತ್ರಿ ಟೀಚರ್."

"ಖರೇ?"

ಶರಣ್ಯಾ ಹಲಗೆಗಳನ್ನು ಮಡಚಿ ಗೋದಾಬಾಯಿಯ ಮಡಿಲಲ್ಲಿಟ್ಟಳು.

"ಮೂರು ಹಾಳೆ ತುಂಬಾ ಅದೇ..."